ಜೀವಕೋಶದೊಳಗೆ ಲೋಹ ಬಾಳೋದು ಹೇಗೆ?

ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಹಾಸ್ಟೆಲ್‌ನಲ್ಲಿ ಇರೋರೂ ಮಾಡಬಹುದು. ಗಾಂಧಿ ಬಜಾರ್‌ನಿಂದ ಎರಡು ಆಲೂಗಡ್ಡೆ ತನ್ನಿ, ಮೆಡಿಕಲ್ ಶಾಪ್‌ನಿಂದ ಗಾಯ ತೊಳೆಯೋಕೆ ಕೊಡ್ತಾರಲ್ಲ, ಆ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ತನ್ನಿ. ಒಂದು ಆಲೂಗಡ್ಡೆಯನ್ನು ಹಸಿಯಾಗೇ ಹೆಚ್ಚಿ. ಇನ್ನೊಂದನ್ನು ಚೆನ್ನಾಗಿ ಬೇಯಿಸಿ, ಆರಿಸಿ, ಹೆಚ್ಚಿ. ಎರಡರ ಮೇಲೂ ನಾಲ್ಕು ನಾಲ್ಕು ಹನಿ ಪೆರಾಕ್ಸೈಡ್ ಬಿಡಿ. ಹಸಿ ಹೋಳಿನ ಮೇಲೆ ಬುಸಬುಸ ಅಂತ ಬಿಳಿ ನೊರೆ ಉಕ್ಕತ್ತೆ. ಬೆಂದ ಹೋಳು ಸುಮ್ಮನೆ ಕೂತಿರತ್ತೆ.

ಆ ನೊರೆಯಲ್ಲಿರೋದು ಆಮ್ಲಜನಕ. ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡಿದ್ದು ಕೆಟಲೇಸ್ ಎಂಬ ಕಿಣ್ವ. ಈ ಕಿಣ್ವದ ಒಂದೊಂದು ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಕೆಲಸ ನಡೆಯೋದು ಆ ಕಬ್ಬಿಣದ ಮೇಲೆ, ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳ ಲೆಕ್ಕದಲ್ಲಿ. ಈಗ ಬೆಂದ ಹೋಳಿನ ವಿಷಯ ಯೋಚನೆ ಮಾಡಿ. ಬೇಯಿಸಿದರೆ ಕಬ್ಬಿಣ ಆವಿಯಾಗಿ ಹೋಗೋದಿಲ್ಲ. ಲೋಹ ಅಲ್ಲೇ ಇದೆ. ಹೋಗಿದ್ದು ಅದರ ಸುತ್ತ ಇದ್ದ ಪ್ರೋಟೀನಿನ ಮಡಿಕೆ, ಅಂದರೆ ಲೋಹ ಕೂತಿದ್ದ ಮನೆ. ಮನೆ ಕುಸಿದ ಮೇಲೆ ಲೋಹ ಇದ್ದೂ ಇಲ್ಲದ ಹಾಗೆ.

ಈ ಲೇಖನ ಆ ಮನೆಯ ಬಗ್ಗೆ. ಲೋಹದ ಕ್ರಿಯಾವರ್ಧಕವನ್ನು, ಅಂದರೆ ನಾವು ಲ್ಯಾಬಿನಲ್ಲಿ ಕೆಟಲಿಸ್ಟ್ ಅನ್ನೋದನ್ನು, ಫ್ಲಾಸ್ಕಿನಿಂದ ತೆಗೆದು ಜೀವಕೋಶದೊಳಗೆ ಇಟ್ಟು ಕೆಲಸ ಮಾಡಿಸಬೇಕಾದರೆ ಅದನ್ನು ಕಾಪಾಡೋದು ಹೇಗೆ ಅನ್ನೋ ಪ್ರಶ್ನೆ. ಕೆಮಿಸ್ಟ್ರಿ ಫಸ್ಟ್ ಇಯರ್‌ಗೇ ಮುಗೀತು ಅಂದುಕೊಂಡಿರೋ ಬೇರೆ ಬ್ರಾಂಚಿನ ಗೆಳೆಯರೂ ಓದಬಹುದು. ಮೂಲದಲ್ಲಿ ಇದು ಡಿಸೈನ್ ಸಮಸ್ಯೆ.

ಮೊದಲು, ಯಾಕೆ ಬೇಕು ಇದೆಲ್ಲ? ನಮ್ಮ ಊರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕೀಮೋಥೆರಪಿ ಮಾಡಿಸಿಕೊಂಡವರು ನಿಮ್ಮ ಬಂಧುಗಳಲ್ಲೋ ಅಕ್ಕಪಕ್ಕದಲ್ಲೋ ಇದ್ದರೆ ಗೊತ್ತಿರತ್ತೆ: ಕೂದಲು ಉದುರತ್ತೆ, ಬಾಯಲ್ಲಿ ಹುಣ್ಣಾಗತ್ತೆ, ಊಟ ಸೇರಲ್ಲ. ಔಷಧ ಗಡ್ಡೆಗೆ ಮಾತ್ರ ಹೋಗದೆ ಮೈಯೆಲ್ಲ ಸುತ್ತೋದೇ ಇದಕ್ಕೆ ಕಾರಣ. ಹಾಗಾಗಿ ರಸಾಯನಶಾಸ್ತ್ರಜ್ಞರು ಒಂದು ಉಪಾಯ ಯೋಚಿಸಿದರು. ಔಷಧದ ಅಣುವಿಗೆ ಒಂದು ಬೀಗ ಹಾಕಿ ಕಳಿಸೋದು. ಬೀಗ ಇರೋವರೆಗೆ ಅದು ಯಾರಿಗೂ ತೊಂದರೆ ಕೊಡಲ್ಲ. ಬೀಗ ತೆಗೆಯೋ ಕ್ರಿಯಾವರ್ಧಕವನ್ನು ಗಡ್ಡೆಯ ಹತ್ತಿರ ಮಾತ್ರ ಇಡೋದು. ಔಷಧ ಅಲ್ಲಿ ಹೋದಾಗ ಅಲ್ಲೇ ಬಿಚ್ಚಿಕೊಳ್ಳತ್ತೆ.

ಇದರಲ್ಲಿ ಲೋಹವೇ ಯಾಕೆ? ಸಿಸ್‌ಪ್ಲಾಟಿನ್ ಅನ್ನೋ ಪ್ಲಾಟಿನಂ ಔಷಧವನ್ನು ತಗೊಳ್ಳಿ. 1978ರಿಂದ ಬಳಕೆಯಲ್ಲಿದೆ, ಎಷ್ಟೋ ಜನರ ಜೀವ ಉಳಿಸಿದೆ. ಆದರೆ ಅದರ ಒಂದು ಅಣು ಡಿಎನ್‌ಎಗೆ ಒಂದು ಸಲ ಅಂಟಿಕೊಂಡರೆ ಮುಗೀತು. ಒಂದು ಅಣುವಿಗೆ ಒಂದೇ ಕೆಲಸ. ಕ್ರಿಯಾವರ್ಧಕ ಹಾಗಲ್ಲ, ಒಂದು ಬೀಗ ತೆಗೆದು ಮುಂದಿನದಕ್ಕೆ ಕೈ ಹಾಕತ್ತೆ. ಪಲ್ಲೇಡಿಯಂ, ರುಥೀನಿಯಂ ತರಹದ ಲೋಹಗಳು ಮಾಡೋ ಕೆಲವು ಕ್ರಿಯೆಗಳನ್ನು ನಮ್ಮ ದೇಹದ ಯಾವ ಕಿಣ್ವವೂ ಮಾಡೋದಿಲ್ಲ. ಹಾಗಾಗಿ ದೇಹ ತಾನಾಗಿ ಆ ಬೀಗ ತೆಗೆಯೋ ಭಯವೂ ಕಡಿಮೆ. ದೇಹದ ರಸಾಯನಕ್ಕೆ ಅಡ್ಡ ಬರದೆ ಪಕ್ಕದಲ್ಲೇ ನಡೆಯೋ ಇಂಥ ಕ್ರಿಯೆಗಳಿಗೆ ಬಯೋಆರ್ಥೋಗನಲ್ ಅಂತ ಹೆಸರಿಟ್ಟವರು ಕ್ಯಾರೊಲಿನ್ ಬರ್ಟೋಝಿ. 2022ರ ನೊಬೆಲ್ ಅವರಿಗೂ ಬಂತು.

ಕೇಳೋಕೆ ಚೆನ್ನಾಗಿದೆ. ತೊಂದರೆ ಇರೋದು ಜೀವಕೋಶದೊಳಗೆ ಕಾಲಿಟ್ಟ ಕ್ಷಣದಿಂದ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಮನೆಮನೆಯಲ್ಲೂ ಬೆಳ್ಳಿ ದೀಪ ಉಜ್ಜೋ ಕಾರ್ಯಕ್ರಮ ಇರತ್ತೆ. ಆ ಕಪ್ಪು ಕಿಲುಬು ಬೆಳ್ಳಿಯ ಸಲ್ಫೈಡ್. ಗಾಳಿಯಲ್ಲಿರೋ ಅತ್ಯಲ್ಪ ಗಂಧಕದ ಅನಿಲಗಳನ್ನು ಬೆಳ್ಳಿ ಹಿಡಿದಿಟ್ಟುಕೊಂಡಿದ್ದರ ಫಲ. ಮೆತ್ತನೆ ಸ್ವಭಾವದ ಲೋಹಗಳಿಗೂ ಗಂಧಕಕ್ಕೂ ಇರೋ ಸೆಳೆತ ಅಂಥದ್ದು. ಇಲ್ಲಿ ‘ಮೆತ್ತನೆ’ ಅಂದರೆ ಕೈಗೆ ಮೆತ್ತಗೆ ಅಂತ ಅಲ್ಲ. ಎಲೆಕ್ಟ್ರಾನ್ ಮೋಡ ಸುಲಭವಾಗಿ ಬಾಗತ್ತೆ ಅಂತ. 1963ರಲ್ಲಿ ಪಿಯರ್ಸನ್ ಮಾಡಿದ ವಿಂಗಡಣೆ ಇದು. ಬೆಳ್ಳಿ, ಪಾದರಸ, ಪಲ್ಲೇಡಿಯಂ, ಪ್ಲಾಟಿನಂ, ಚಿನ್ನ ಎಲ್ಲ ಮೆತ್ತನೆಯವು, ಗಂಧಕವೂ ಮೆತ್ತನೆಯದು. ಇನ್ನೊಂದು ಉದಾಹರಣೆ ಅಡುಗೆಮನೆಯಲ್ಲೇ ಇದೆ. ಗ್ಯಾಸ್ ಸಿಲಿಂಡರ್ ಸೋರಿದರೆ ಬರೋ ವಾಸನೆ ಗ್ಯಾಸಿಂದಲ್ಲ, ಗೊತ್ತಾಗಲಿ ಅಂತ ಬೆರೆಸಿರೋ ಈಥೈಲ್ ಮರ್ಕ್ಯಾಪ್ಟಾನ್‌ದು. ಗಂಧಕಕ್ಕೆ ಒಂದು ಹೈಡ್ರೋಜನ್ ಅಂಟಿಕೊಂಡಿರೋ ಈ ಜಾತಿಯ ಅಣುಗಳಿಗೆ ಈಗ ಥಯೋಲ್ ಅಂತೀವಿ. ಮರ್ಕ್ಯಾಪ್ಟಾನ್ ಅನ್ನೋ ಹಳೇ ಹೆಸರು ಲ್ಯಾಟಿನ್‌ನಿಂದ ಬಂದದ್ದು. ‘ಪಾದರಸವನ್ನು ಹಿಡಿಯುವಂಥದ್ದು’ ಅಂತ ಅರ್ಥ. 19ನೇ ಶತಮಾನದಲ್ಲೇ ಹೆಸರಿನಲ್ಲಿ ಎಚ್ಚರಿಕೆ ಬರೆದಿಟ್ಟಿದ್ದರು ನೋಡಿ.

ನಮ್ಮ ಪ್ರತಿ ಜೀವಕೋಶದಲ್ಲೂ ಇಂಥ ಒಂದು ಥಯೋಲ್ ತುಂಬಿಕೊಂಡಿದೆ. ಹೆಸರು ಗ್ಲುಟಾಥಯೋನ್. ಮೂರು ಅಮೈನೋ ಆಮ್ಲಗಳ ಪುಟ್ಟ ಸರ, ಅಣುತೂಕ ಸುಮಾರು 307. ಕೆಟ್ಟದ್ದೇನೂ ಅಲ್ಲ, ಕೋಶದ ಕಾವಲುಗಾರ ಅದು. ಪೆರಾಕ್ಸೈಡ್, ವಿಷಲೋಹ ಎಲ್ಲದರಿಂದ ಕೋಶವನ್ನು ಕಾಯತ್ತೆ. ಆದರೆ ಕಾವಲುಗಾರನಿಗೆ ಒಳ್ಳೇ ಲೋಹ, ಕೆಟ್ಟ ಲೋಹ ಅನ್ನೋ ಭೇದ ಗೊತ್ತಿಲ್ಲ. ಸಿಸ್‌ಪ್ಲಾಟಿನ್‌ಗೂ ಅಂಟಿಕೊಂಡು ಅದನ್ನು ನಿಷ್ಕ್ರಿಯ ಮಾಡತ್ತೆ. ಕೆಲವು ಗಡ್ಡೆಗಳು ಆ ಔಷಧಕ್ಕೆ ಬಗ್ಗದೆ ಇರೋಕೆ ಇದೂ ಒಂದು ಕಾರಣ.

ಲೆಕ್ಕ ಹಾಕಿ. ಕೋಶದೊಳಗೆ ಗ್ಲುಟಾಥಯೋನ್ 1ರಿಂದ 10 ಮಿಲಿಮೋಲಾರ್ ಇರತ್ತೆ. 5 ಅಂತ ಇಟ್ಟುಕೊಳ್ಳಿ. ನಾವು ಕಳಿಸೋ ಕ್ರಿಯಾವರ್ಧಕ 10 ಮೈಕ್ರೋಮೋಲಾರ್ ಅಂದುಕೊಂಡರೆ, ಒಂದು ಲೋಹದ ಪರಮಾಣುವಿಗೆ 500 ಗ್ಲುಟಾಥಯೋನ್. ಕಾರ್ತಿಕದ ಕೊನೇ ಸೋಮವಾರ, ಕಡಲೆಕಾಯಿ ಪರಿಷೆ ದಿನ ಸಂಜೆ, ಬುಲ್ ಟೆಂಪಲ್ ರೋಡ್‌ನಲ್ಲಿ ರಾಮಕೃಷ್ಣ ಆಶ್ರಮದಿಂದ ದೊಡ್ಡ ಬಸವಣ್ಣನ ಗುಡಿವರೆಗೆ ಒಬ್ಬ ಫ್ರೆಂಡ್‌ನ ಹುಡುಕಿಕೊಂಡು ಹೋಗಿ ನೋಡಿ. ಅವನು ಸಿಗೋದಕ್ಕೆ ಮುಂಚೆ ಐನೂರು ಜನರ ಮೈ ತಾಗಿರತ್ತೆ. ಇಲ್ಲಿ ತಾಗಿದವರೆಲ್ಲ ಕೈ ಹಿಡಿದು ಬಿಡದೆ ಇದ್ದರೆ ಹೇಗಿರತ್ತೆ? ಪಲ್ಲೇಡಿಯಂ ಪಾಡು ಅದೇ. ಗುಂಪಿನಲ್ಲಿ ಗ್ಲುಟಾಥಯೋನ್ ಮಾತ್ರ ಅಲ್ಲ, ಪ್ರೋಟೀನುಗಳ ಮೇಲೂ ಥಯೋಲ್‌ಗಳಿವೆ. ರಕ್ತದಲ್ಲೂ ಬಿಡುವಿಲ್ಲ: ಅಲ್ಬ್ಯುಮಿನ್ ಮತ್ತಿತರ ಪ್ರೋಟೀನುಗಳು ನ್ಯಾನೋಕಣ ಕಂಡ ತಕ್ಷಣ ಅದರ ಸುತ್ತ ಪದರ ಕಟ್ಟಿಕೊಂಡುಬಿಡುತ್ತವೆ.

ಹಾಗಾದರೆ ಲೋಹಕ್ಕೆ ಒಂದು ಹೊದಿಕೆ ಹಾಕಿದರೆ ಆಯ್ತಲ್ಲ? ನಮ್ಮ ಅಜ್ಜಿಯರು ಮಾಡಿದ್ದು ಅದನ್ನೇ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಿದರೆ ಹುಣಸೆಹಣ್ಣಿನ ಆಮ್ಲಕ್ಕೆ ತಾಮ್ರ ಬಿಡತ್ತೆ, ಅಡುಗೆ ಕಿಲುಬಾಗತ್ತೆ. ಅದಕ್ಕೇ ಕಲಾಯಿ. ಬೀದಿಯಲ್ಲಿ ಕಲಾಯಿಯವನು ಇದ್ದಿಲ ಒಲೆ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಉಜ್ಜಿ, ಬಟ್ಟೆಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯೋದು. (ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್, ಮೇಲ್ಮೈಯ ಆಕ್ಸೈಡ್ ತೆಗೆಯೋಕೆ. ನಮ್ಮ ಸೋಲ್ಡರಿಂಗ್ ಫ್ಲಕ್ಸ್‌ನ ಕೆಲಸವೇ.) ತವರ ಮಧ್ಯದಲ್ಲಿ ನಿಂತು ಹುಳಿಯನ್ನೂ ಹಿತ್ತಾಳೆಯನ್ನೂ ದೂರ ಇಡತ್ತೆ.

ಆದರೆ ಪಾತ್ರೆಗೂ ಕ್ರಿಯಾವರ್ಧಕಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪಾತ್ರೆಯಿಂದ ನಮಗೆ ಬೇಕಾದ್ದು ಶಾಖ. ಅದು ಕಲಾಯಿ ದಾಟಿ ಬರತ್ತೆ. ಕ್ರಿಯಾವರ್ಧಕದಿಂದ ಬೇಕಾದ್ದು ಮುಟ್ಟುವಿಕೆ. ಔಷಧದ ಅಣು ಹೋಗಿ ಲೋಹವನ್ನು ಮುಟ್ಟಲೇಬೇಕು. ಪೂರ್ತಿ ಕಲಾಯಿ ಹಾಕಿದರೆ ಲೋಹ ಸೇಫ್, ಕೆಲಸ ಸೊನ್ನೆ. ಕೈಗಾರಿಕೆಯಲ್ಲಿ ಈ ಸಂಕಟಕ್ಕೆ ಸುಲಭ ದಾರಿ ಇತ್ತು: ವಿಷವನ್ನೇ ದೂರ ಇಡೋದು. ಕಾರುಗಳ ಕೆಟಲಿಟಿಕ್ ಕನ್ವರ್ಟರ್‌ನ ಪ್ಲಾಟಿನಂ ಪೆಟ್ರೋಲಿನ ಸೀಸದಿಂದ ಸಾಯತ್ತೆ ಅಂತ ಪೆಟ್ರೋಲನ್ನೇ ಬದಲಾಯಿಸಿದರು. 2000ದಲ್ಲಿ ದೇಶವೆಲ್ಲ ಸೀಸರಹಿತ ಪೆಟ್ರೋಲಿಗೆ ಬಂತು. ಗ್ಲುಟಾಥಯೋನ್ ರಹಿತ ಮನುಷ್ಯನನ್ನು ಮಾಡೋಕಾಗತ್ತಾ? ಹಾಗಾಗಿ ಬಾಗಿಲು ಇರಲೇಬೇಕು, ಬಾಗಿಲು ಆರಿಸಿ ಒಳಗೆ ಬಿಡಬೇಕು.

ಆರಿಸೋದು ಹೇಗೆ ಅನ್ನೋದೇ ಈ ವಿಷಯದ ತಿರುಳು. ಮೊದಲು ಹೊಳೆಯೋದು ಜರಡಿ: ಸಣ್ಣ ರಂಧ್ರಗಳ ಒಂದು ಕವಚ. ಆದರೆ ಅಳತೆ ನೋಡಿ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧದ ಅಣುತೂಕ ಸುಮಾರು 543, ಬೀಗ ಹಾಕಿದರೆ ಇನ್ನೂ ಹೆಚ್ಚು. ಗ್ಲುಟಾಥಯೋನ್ 307. ನಮಗೆ ಬೇಕಾದ ಅತಿಥಿ ದೊಡ್ಡವನು, ಬೇಡದವನು ಚಿಕ್ಕವನು. ಸೊಳ್ಳೆ ಪರದೆ ಹಾಕಿದ ಕಿಟಕಿಯಲ್ಲಿ ನೆಂಟರು ಒಳಗೆ ಬರಬೇಕು, ಸೊಳ್ಳೆ ಹೊರಗೆ ಇರಬೇಕು ಅಂದ ಹಾಗಾಯ್ತು! ಜರಡಿ ದೊಡ್ಡ ಪ್ರೋಟೀನುಗಳನ್ನು ತಡೆಯತ್ತೆ ನಿಜ. ಗ್ಲುಟಾಥಯೋನ್ ಆರಾಮಾಗಿ ನುಸುಳತ್ತೆ. ರಂಧ್ರಗಳ ಕವಚದ ಬಗ್ಗೆ ಬರೋ ಎಷ್ಟೋ ಚಿತ್ರಗಳಲ್ಲಿ ಈ ಅಳತೆಯನ್ನೇ ಮರೆತಿರುತ್ತಾರೆ, ನನಗೆ ಅದು ಸ್ವಲ್ಪ ಕಿರಿಕಿರಿ.

ಹಾಗಾಗಿ ಗಾತ್ರ ಬಿಟ್ಟು ಗುಣ ನೋಡಬೇಕು. ಗ್ಲುಟಾಥಯೋನ್ ದೇಹದ ಪಿಎಚ್‌ನಲ್ಲಿ ಋಣ ಆವೇಶ ಹೊತ್ತಿರತ್ತೆ, ನೀರು ಅಂದರೆ ಪ್ರಾಣ. ಔಷಧಗಳು ಬಹಳಷ್ಟು ಎಣ್ಣೆ ಸ್ವಭಾವದವು. ಕೆಸುವಿನ ಎಲೆ ಮೇಲೆ ನೀರು ಬಿದ್ದರೆ ಮುತ್ತಾಗಿ ಉರುಳಿಹೋಗತ್ತೆ, ಎಣ್ಣೆಯ ಹನಿ ಬಿದ್ದರೆ ಹರಡಿಕೊಳ್ಳತ್ತೆ. ಲೋಹವನ್ನು ಹಾಗೇ ಎಣ್ಣೆ ಸ್ವಭಾವದ ಒಂದು ಗುಂಡಿಯ ತಳದಲ್ಲಿ ಕೂರಿಸಿದರೆ, ನೀರುಪ್ರಿಯನಾದ ಗ್ಲುಟಾಥಯೋನ್ ಬಾಗಿಲಲ್ಲೇ ಹಿಂಜರಿಯತ್ತೆ, ಔಷಧ ಇಳಿಯತ್ತೆ. ಗುಂಡಿಯ ಬಾಯಿಗೆ ಋಣ ಆವೇಶವನ್ನೂ ಕೊಟ್ಟರೆ ಇನ್ನೊಂದು ಚಿಲಕ ಹಾಕಿದಂತೆ.

ಪ್ರಕೃತಿಯ ಕಿಣ್ವಗಳ ಮನೆಗಳೂ ಇಂಥ ಗುಂಡಿಗಳೇ. ಕಾರ್ಬಾನಿಕ್ ಅನ್‌ಹೈಡ್ರೇಸ್ ಅನ್ನೋ ಕಿಣ್ವ ನಮ್ಮ ರಕ್ತಕಣದಲ್ಲಿ ಇಂಗಾಲದ ಡೈಆಕ್ಸೈಡನ್ನು ಬೈಕಾರ್ಬೊನೇಟ್ ಮಾಡತ್ತೆ, ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ. ಅದರ ಸತು ಒಂದು ಕೊಳವೆಯಾಕಾರದ ಗುಂಡಿಯ ತಳದಲ್ಲಿ, 15 ಆಂಗ್‌ಸ್ಟ್ರಾಮ್ ಆಳದಲ್ಲಿ ಕೂತಿದೆ, ಮೂರು ಹಿಸ್ಟಿಡಿನ್‌ಗಳು ಅದನ್ನು ಹಿಡಿದುಕೊಂಡಿವೆ. ಗುಂಡಿಯ ಒಂದು ಗೋಡೆ ಎಣ್ಣೆಯ ಸ್ವಭಾವದ್ದು, ಎದುರಿನ ಗೋಡೆ ನೀರಿನ ಸ್ವಭಾವದ್ದು. ಒಂದು ಕಡೆ ಅತಿಥಿ ಬಂದು ಕೂರೋಕೆ, ಇನ್ನೊಂದು ಕಡೆ ಪ್ರೋಟಾನ್ ಸಾಗಿಸೋಕೆ. ಯಾವ ಆರ್ಕಿಟೆಕ್ಟ್‌ಗೂ ಕಮ್ಮಿ ಇಲ್ಲ.

ಹಾಗಿದ್ದ ಮೇಲೆ ಸಿದ್ಧವಿರೋ ಮನೆಯನ್ನೇ ಬಾಡಿಗೆಗೆ ತಗೊಂಡರೆ? 1978ರಲ್ಲಿ ವಿಲ್ಸನ್ ಮತ್ತು ವೈಟ್‌ಸೈಡ್ಸ್ ಅದನ್ನೇ ಮಾಡಿದರು. ಮೊಟ್ಟೆಯ ಬಿಳಿಯಲ್ಲಿರೋ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಎಂಬ ವಿಟಮಿನ್ನನ್ನು ಬಿಡಿಸಲಾಗದಷ್ಟು ಗಟ್ಟಿಯಾಗಿ ಹಿಡಿಯತ್ತೆ. ಬಯೋಟಿನ್‌ನ ಬಾಲಕ್ಕೆ ರೋಡಿಯಂ ಕಟ್ಟಿ ಕೊಟ್ಟರು. ಪ್ರೋಟೀನು ಬಯೋಟಿನ್ ಜೊತೆಗೆ ಲೋಹವನ್ನೂ ಒಳಗೆ ಕರೆದುಕೊಂಡಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಥಾಮಸ್ ವಾರ್ಡ್ ತಂಡ ಈ ಉಪಾಯವನ್ನು ಅವಿಡಿನ್‌ನ ಬ್ಯಾಕ್ಟೀರಿಯಾ ದಾಯಾದಿಯಾದ ಸ್ಟ್ರೆಪ್ಟಾವಿಡಿನ್ ಜೊತೆ ತುಂಬಾ ದೂರ ಒಯ್ದಿದೆ. ಅವರಿಗೂ ಗ್ಲುಟಾಥಯೋನ್ ಕಾಟ ತಪ್ಪಲಿಲ್ಲ. 2014ರಲ್ಲಿ ಡಯಮೈಡ್ ಅನ್ನೋ ರಾಸಾಯನಿಕ ಹಾಕಿ, ಕೋಶರಸದಲ್ಲಿನ ಗ್ಲುಟಾಥಯೋನನ್ನು ಮೊದಲೇ ಜೋಡಿಜೋಡಿಯಾಗಿ ಕಟ್ಟಿಹಾಕಿ ಕೆಲಸ ಮಾಡಿಸಿದರು. ಪ್ರಯೋಗಶಾಲೆಯಲ್ಲಿ ಸರಿ, ರೋಗಿಯ ಮೈಯಲ್ಲಿ ಹಾಗೆ ಮಾಡೋಕಾಗಲ್ಲ. 2016ರಲ್ಲಿ ಇನ್ನೂ ಜಾಣತನ ಮಾಡಿದರು: ಪ್ರೋಟೀನನ್ನು ಇ-ಕೋಲೈ ಬ್ಯಾಕ್ಟೀರಿಯಾದ ಒಳಕೋಣೆಗೆ ಕಳಿಸದೆ, ಎರಡು ಪೊರೆಗಳ ನಡುವಿನ ಪಡಸಾಲೆಯಲ್ಲಿ ಇಟ್ಟರು. ಅಲ್ಲಿ ಗ್ಲುಟಾಥಯೋನ್ ಬಹಳ ಕಮ್ಮಿ. ಜಾಗ ಆರಿಸೋದೂ ಒಂದು ರಕ್ಷಣೆ. ನಮ್ಮ ಚಾಮರಾಜಪೇಟೆ ಹಳೇ ಮನೆಗಳಲ್ಲಿ ಬಂದವರನ್ನೆಲ್ಲ ಜಗುಲಿಯಲ್ಲೇ ಕೂರಿಸಿ ಮಾತಾಡಿಸಿ ಕಳಿಸೋ ಪದ್ಧತಿ ನೆನಪಾಗತ್ತೆ.

ಜಪಾನಿನ ರೈಕೆನ್‌ನಲ್ಲಿ ಕತ್ಸುನೋರಿ ತನಾಕಾ ತಂಡ ಬೇರೆ ಮನೆ ಹುಡುಕಿತು: ನಮ್ಮ ರಕ್ತದಲ್ಲೇ ಇರೋ ಅಲ್ಬ್ಯುಮಿನ್. ಇದು ಕೊಬ್ಬಿನ ಆಮ್ಲಗಳನ್ನು ಹೊತ್ತು ತಿರುಗೋ ಪ್ರೋಟೀನು, ಹಾಗಾಗಿ ಅದರೊಳಗೆ ಎಣ್ಣೆ ಸ್ವಭಾವದ ಗುಂಡಿಗಳು ರೆಡಿಯಾಗಿ ಇವೆ. ಅಂಥ ಗುಂಡಿಯಲ್ಲಿ ರುಥೀನಿಯಂ ಕೂರಿಸಿದಾಗ ಗ್ಲುಟಾಥಯೋನ್ ಸುತ್ತ ಇದ್ದರೂ ಲೋಹ ಕೆಲಸ ಮಾಡಿತು. ಮುಂದೆ ಇಲಿಗಳ ಮೇಲೂ ಪ್ರಯೋಗ ನಡೆದಿದೆ. ರಕ್ತದಲ್ಲಿ ಲೋಹಕ್ಕೆ ಅಡ್ಡ ಬರೋ ಅದೇ ಅಲ್ಬ್ಯುಮಿನ್ ಇಲ್ಲಿ ಮನೆ ಮಾಲೀಕ.

ಎಡಿನ್‌ಬರೋದಲ್ಲಿ ಮಾರ್ಕ್ ಬ್ರಾಡ್ಲಿ ತಂಡ 2011ರಲ್ಲಿ ಪಾಲಿಸ್ಟೈರೀನ್ ಮಣಿಗಳೊಳಗೆ ಪಲ್ಲೇಡಿಯಂ ಹುದುಗಿಸಿ ಕೋಶದೊಳಗೆ ಕಳಿಸಿ ಬೀಗ ತೆಗೆಸಿತು. ಇಲ್ಲೂ ಪ್ಲಾಸ್ಟಿಕ್ಕಿನ ಎಣ್ಣೆ ಸ್ವಭಾವ ಲೋಹದ ಸುತ್ತ ಇದೆ ಅನ್ನೋದನ್ನ ಗಮನಿಸಿ.

ರಕ್ಷಣೆ ಅಂದರೆ ಲೋಹಕ್ಕೆ ಮಾತ್ರ ಅಲ್ಲ, ಕೋಶಕ್ಕೂ ಬೇಕು. ಕ್ಲಿಕ್ ಕೆಮಿಸ್ಟ್ರಿಯ ತಾಮ್ರ ಇದಕ್ಕೆ ಪಾಠ. ಬರಿಮೈ ತಾಮ್ರ ಆಮ್ಲಜನಕದ ಜೊತೆ ಸೇರಿ ಕೋಶವನ್ನೇ ಕೊರೆಯೋ ರ‍್ಯಾಡಿಕಲ್‌ಗಳನ್ನು ಮಾಡತ್ತೆ. ತಾಮ್ರವನ್ನು ಎಲ್ಲ ಕಡೆಯಿಂದ ಹಿಡಿದುಕೊಳ್ಳೋ ಸಾರಜನಕದ ಲಿಗ್ಯಾಂಡ್‌ಗಳನ್ನು ಜೊತೆಗೆ ಕೊಟ್ಟಾಗ ಕ್ರಿಯೆಯೂ ಜೋರಾಯ್ತು, ಕೋಶಕ್ಕೂ ಹಾನಿ ಕಮ್ಮಿಯಾಯ್ತು.

ಇಷ್ಟು ಹೊತ್ತು ಗ್ಲುಟಾಥಯೋನನ್ನು ವೈರಿ ಅಂತಲೇ ನೋಡಿದೆವು. ಮಲ್ಲೇಶ್ವರದ ಮಗ್ಗುಲಲ್ಲೇ, ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊ. ಜಿ. ಮುಗೇಶ್ ತಂಡ ಇದನ್ನು ತಲೆಕೆಳಗು ಮಾಡಿದ ಕಥೆ ನನಗೆ ಬಲು ಇಷ್ಟ.

ಅವರು ತಗೊಂಡ ಲೋಹ ವನೇಡಿಯಂ. ವನೇಡಿಯಂ ಪೆಂಟಾಕ್ಸೈಡನ್ನು ಸಾಮಾನ್ಯ ಪುಡಿಯಾಗಿ ಕೋಶಕ್ಕೆ ಕೊಟ್ಟರೆ ಅದು ವಿಷ. ಅದನ್ನೇ ನ್ಯಾನೋತಂತಿಗಳ ರೂಪದಲ್ಲಿ ಮಾಡಿ ಕೊಟ್ಟಾಗ ಕೋಶವನ್ನು ಕಾಪಾಡತ್ತೆ ಅಂತ 2014ರಲ್ಲಿ ನೇಚರ್ ಕಮ್ಯುನಿಕೇಶನ್ಸ್‌ನಲ್ಲಿ ಪ್ರಕಟಿಸಿದರು. ನಮ್ಮ ದೇಹದಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅಂತ ಒಂದು ಕಿಣ್ವ ಇದೆ. ಸೆಲೆನಿಯಂ ಬಳಸಿ, ಗ್ಲುಟಾಥಯೋನನ್ನು ಸೌದೆಯ ಹಾಗೆ ಉರಿಸಿ, ಪೆರಾಕ್ಸೈಡನ್ನು ನೀರು ಮಾಡತ್ತೆ. ವನೇಡಿಯಂ ತಂತಿಗಳೂ ಅದೇ ಕೆಲಸ ಮಾಡಿದವು. ಪೆರಾಕ್ಸೈಡ್ ಮೊದಲು ತಂತಿಯ ಮೇಲ್ಮೈಯ ವನೇಡಿಯಂಗೆ ಅಂಟಿಕೊಳ್ಳತ್ತೆ. ಗ್ಲುಟಾಥಯೋನ್‌ನ ಗಂಧಕ ಬಂದು ಅದರಿಂದ ಒಂದು ಆಮ್ಲಜನಕ ಕಿತ್ತುಕೊಳ್ಳತ್ತೆ. ಆಮೇಲೆ ಇನ್ನೊಂದು ಗ್ಲುಟಾಥಯೋನ್ ಸೇರಿ ಜೋಡಿಯಾಗತ್ತೆ. ಆ ಜೋಡಿಯನ್ನು ಬಿಡಿಸಿ ಮತ್ತೆ ಎರಡು ಗ್ಲುಟಾಥಯೋನ್ ಮಾಡೋ ಕಿಣ್ವ ಕೋಶದಲ್ಲೇ ಇದೆ. ಅಂದರೆ ಐನೂರು ಜನರ ಗುಂಪು ಇಲ್ಲಿ ಅಡ್ಡಿಯಲ್ಲ, ಕೂಲಿಯವರು.

ವನೇಡಿಯಂ ಯಾಕೆ ಗಂಧಕದ ಕೈಗೆ ಸಿಕ್ಕಿಹಾಕಿಕೊಳ್ಳಲಿಲ್ಲ? ಪಿಯರ್ಸನ್ ವಿಂಗಡಣೆಗೆ ವಾಪಸ್ ಹೋಗಿ. ಐದು ಧನ ಆವೇಶದ ವನೇಡಿಯಂ ಗಟ್ಟಿ ಸ್ವಭಾವದ್ದು, ಅದಕ್ಕೆ ಆಮ್ಲಜನಕದ ಜೊತೆಗೇ ಸ್ನೇಹ. ಗಂಧಕ ಬಂದು ಮುಟ್ಟಿ ಹೋಗತ್ತೆ, ಅಂಟಿ ಕೂರಲ್ಲ. ಮನೆ ಕಟ್ಟೋದಕ್ಕೆ ಮುಂಚೆ ಯಾವ ಲೋಹವನ್ನು ಆ ಬೀದಿಗೆ ಕಳಿಸ್ತೀವಿ ಅನ್ನೋದನ್ನೂ ಯೋಚಿಸಬೇಕು ಅಂತಾಯ್ತು. ಮುಂದೆ ಇದೇ ಸಂಸ್ಥೆಯಲ್ಲಿ ಮುಗೇಶ್ ಮತ್ತು ಪ್ಯಾಟ್ರಿಕ್ ಡಿಸಿಲ್ವಾ ತಂಡಗಳು 2017ರಲ್ಲಿ ಮ್ಯಾಂಗನೀಸ್ ಆಕ್ಸೈಡ್ ಕಣಗಳು ಮೂರು ಬೇರೆ ಬೇರೆ ಕಿಣ್ವಗಳ ಕೆಲಸವನ್ನು ಒಟ್ಟಿಗೆ ಮಾಡಿ, ಪಾರ್ಕಿನ್ಸನ್ ಕಾಯಿಲೆಯ ಮಾದರಿಯಲ್ಲಿ ಮನುಷ್ಯರ ಕೋಶಗಳನ್ನು ಉಳಿಸಿದ್ದನ್ನು ತೋರಿಸಿದವು. ಅಮಿತ್ ಸಿಂಗ್ ಅವರ ಜೊತೆ 2021ರಲ್ಲಿ, ವನೇಡಿಯಂನ ನ್ಯಾನೋವಸ್ತು ಕೋಶದಲ್ಲಿ ಅಡಗಿ ಮಲಗಿರೋ ಎಚ್‌ಐವಿ ಮತ್ತೆ ಎದ್ದೇಳದಂತೆ ತಡೆಯೋದನ್ನೂ ತೋರಿಸಿದರು.

ಇದರಿಂದ ಪಲ್ಲೇಡಿಯಂ ಸಮಸ್ಯೆ ಬಗೆಹರೀತು ಅಂತಲ್ಲ. ವನೇಡಿಯಂ ಪೆರಾಕ್ಸೈಡ್ ಒಡೆಯತ್ತೆ, ಔಷಧದ ಬೀಗ ತೆಗೆಯಲ್ಲ. ಬೀಗ ತೆಗೆಯೋ ಮೆತ್ತನೆ ಲೋಹಗಳಿಗೆ ಗುಂಡಿ ಬೇಕೇ ಬೇಕು. ಆದರೂ ಅಲ್ಲೂ ಈ ಸುಳಿವು ಮೊದಲೇ ಇತ್ತು. 2006ರಲ್ಲಿ ಎರಿಕ್ ಮೆಗರ್ಸ್ ತಂಡ ಜೀವಂತ ಹೀಲಾ ಕೋಶಗಳಲ್ಲಿ ರುಥೀನಿಯಂನಿಂದ ಬೀಗ ತೆಗೆಸಿದಾಗ, ಸಹಾಯಕ್ಕೆ ಹಾಕಿದ್ದು ಥಯೋಫಿನಾಲ್, ಒಂದು ಥಯೋಲ್!

ಪ್ರತಿ ರಕ್ಷಣೆಗೂ ಬೆಲೆ ಇದೆ. ಗುಂಡಿ ಆಳವಾದಷ್ಟೂ ಅತಿಥಿ ನಿಧಾನ. ಕೆಮಿಕಲ್ ಬ್ರಾಂಚಿನವರು ಥೀಲೆ ಮಾಡ್ಯುಲಸ್ ನೆನಪಿಸಿಕೊಳ್ಳಿ: ಕ್ರಿಯೆಯ ವೇಗಕ್ಕಿಂತ ಒಳಗೆ ಹರಿದು ಬರೋ ವೇಗ ಕಮ್ಮಿಯಾದರೆ ಒಳಗಿರೋ ಲೋಹ ಬರೀ ತೂಕ. ಹಾಗಾಗಿ ಈ ವಿಷಯದ ಪೇಪರ್ ಓದುವಾಗ ನಾನು ಮೊದಲು ನೋಡೋದು ಒಂದೇ ಸಂಖ್ಯೆ: ಒಂದು ಲೋಹದ ಪರಮಾಣು ಸಾಯೋ ಮುಂಚೆ ಎಷ್ಟು ಸಲ ಕೆಲಸ ಮಾಡಿತು? ಶುದ್ಧ ನೀರಿನಲ್ಲಿ ಅಲ್ಲ, ಗ್ಲುಟಾಥಯೋನ್ ಇರೋ ಕಡೆ. ಆ ಸಂಖ್ಯೆ ಒಂದಕ್ಕಿಂತ ಕಮ್ಮಿ ಇದ್ದರೆ ಅದು ಕ್ರಿಯಾವರ್ಧಕವೇ ಅಲ್ಲ, ದುಬಾರಿ ರಾಸಾಯನಿಕ ಅಷ್ಟೇ.

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಹುಡುಕ್ತಾ ಇರೋರಿಗೆ: ಬೀಗ ತೆಗೆದಾಗ ಹೊಳೆಯೋ ಬಣ್ಣದ ಅಣುಗಳು ಸಿಗುತ್ತವೆ, ಡಿಪಾರ್ಟ್‌ಮೆಂಟಿನಲ್ಲಿ ಫ್ಲೋರಿಮೀಟರ್ ಇದ್ದರೆ ಸಾಕು. ನಿಮ್ಮ ಕ್ರಿಯಾವರ್ಧಕವನ್ನು ಹೊದಿಕೆ ಹಾಕಿ, ಹಾಕದೆ, ಎರಡು ರೀತಿ ಮಾಡಿಕೊಳ್ಳಿ. ಪಿಎಚ್ 7.4ರ ಬಫರ್‌ನಲ್ಲಿ ಗ್ಲುಟಾಥಯೋನ್ 0, 1, 5, 10 ಮಿಲಿಮೋಲಾರ್ ಇಟ್ಟು ಗ್ರಾಫ್ ಹಾಕಿ. ಗ್ಲುಟಾಥಯೋನ್ ದ್ರಾವಣ ಅವತ್ತೇ ಮಾಡಿದ್ದಿರಲಿ, ಗಾಳಿಗೆ ಬಿಟ್ಟರೆ ತಾನಾಗೇ ಜೋಡಿಯಾಗಿ ನಿಮ್ಮ ಹೊದಿಕೆ ಚೆನ್ನಾಗಿದೆ ಅನ್ನೋ ಸುಳ್ಳು ಫಲಿತಾಂಶ ಕೊಡತ್ತೆ. ಕೊನೆಗೆ ಕಣಗಳನ್ನು ಸೋಸಿ ತೆಗೆದು ಬರೀ ದ್ರಾವಣವನ್ನೇ ಇನ್ನೊಂದು ಸಲ ಪರೀಕ್ಷಿಸಿ. ಅದೂ ಕೆಲಸ ಮಾಡಿದರೆ ಲೋಹ ಮನೆ ಬಿಟ್ಟು ಸೋರಿಹೋಗಿದೆ ಅಂತ ಅರ್ಥ.